ಬಯಾನ್ ಲೆಪಾಸ್‌ನಿಂದ ಊರಿಗೆ: ಅಂತ್ಯಕ್ರಿಯೆ ಸಂಸ್ಥೆಗಳು ಮಾಡುವ ಕೆಲಸವೇನು?

ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ಗೆ 1935ರಲ್ಲಿ ವಿಮಾನ ನಿಲ್ದಾಣ, 1972ರಲ್ಲಿ ಕೈಗಾರಿಕಾ ವಲಯ ಬಂತು. ಇಲ್ಲಿನ ಫ್ಯಾಕ್ಟರಿಗಳಲ್ಲಿ ಹೊರದೇಶದ ಕಾರ್ಮಿಕರೂ ದುಡಿಯುತ್ತಾರೆ. ಯಾರಾದರೂ ತೀರಿಕೊಂಡರೆ ಶರೀರವನ್ನು ಊರಿಗೆ ಕಳಿಸಲು ಖಾಸಗಿ ಅಂತ್ಯಕ್ರಿಯೆ ಸಂಸ್ಥೆಯನ್ನೇ ಹಿಡಿಯಬೇಕು.

ಈ ಭಾಗದಲ್ಲಿ ಇದು ಹೆಚ್ಚಾಗಿ ಚೀನೀ ಕುಟುಂಬಗಳ ವ್ಯಾಪಾರ. ಪಕ್ಕದ ಸಿಂಗಾಪುರದಲ್ಲಿ 1912ರಲ್ಲಿ ಶುರುವಾದ ಆಂಗ್ ಚಿನ್ ಮೋ ಸಂಸ್ಥೆ ತಲೆಮಾರುಗಳಿಂದ ಕುಟುಂಬದವರ ಕೈಯಲ್ಲೇ ನಡೆದುಬಂದಿದೆ. ಶವಪೆಟ್ಟಿಗೆ, ಪೂಜೆ, ವಾಹನ ಎಲ್ಲ ಒಂದೇ ಕಡೆ ಸಿಗುತ್ತದೆ. ದುಬೈನಲ್ಲಾದರೆ ಎಂಬಾಮಿಂಗ್ ಸರ್ಕಾರಿ ಕೇಂದ್ರದಲ್ಲಿ ಆಗುತ್ತದೆ. ಇಲ್ಲಿ ಅದನ್ನೂ ಈ ಸಂಸ್ಥೆಗಳೇ ನೋಡಿಕೊಳ್ಳುತ್ತವೆ.

ಬೇಕಾಗುವ ಕಾಗದಪತ್ರ: ಮರಣ ಪ್ರಮಾಣಪತ್ರ, ಎಂಬಾಮಿಂಗ್ ಮತ್ತು ಪೆಟ್ಟಿಗೆ ಸೀಲ್ ಮಾಡಿದ ಪತ್ರ, ರದ್ದಾದ ಪಾಸ್‌ಪೋರ್ಟ್, ಕೌಲಾಲಂಪುರದ ಭಾರತೀಯ ಹೈಕಮಿಷನ್‌ನ ಎನ್‌ಒಸಿ. ಭಾರತದ ಕಡೆಯ ಅನುಮತಿಗೆ 2023ರಿಂದ ಇ-ಕೇರ್ ಪೋರ್ಟಲ್ ಇದೆ.

ಖರ್ಚು ಯಾರದ್ದು? ವಿದೇಶಿ ಕಾರ್ಮಿಕರು 2019ರಿಂದ ಮಲೇಷ್ಯಾದ ಸೊಕ್ಸೊ ವಿಮೆಯಲ್ಲಿದ್ದಾರೆ; ಕೆಲಸದ ಅಪಘಾತದಲ್ಲಿ ತೀರಿಕೊಂಡರೆ ಶರೀರ ಕಳಿಸುವ ಖರ್ಚಿಗೂ ಅದರಲ್ಲಿ ಹಣ ಸಿಗುತ್ತದೆ. ದುಡ್ಡೇ ಇಲ್ಲದವರಿಗೆ ಹೈಕಮಿಷನ್ ಮೂಲಕ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಆದ್ದರಿಂದ ಮನೆಯವರು ಸಾಲ ಮಾಡಿ ಅಡ್ವಾನ್ಸ್ ಕಟ್ಟುವ ಮೊದಲು ಕಂಪನಿಗೂ ಹೈಕಮಿಷನ್‌ಗೂ ಫೋನ್ ಮಾಡಿ, ಯಾವುದಕ್ಕೆ ಎಷ್ಟು ಅಂತ ಬರಹದಲ್ಲಿ ತಗೊಳ್ಳಿ.