ಕಬ್ಬಿಣದ ಪಟ್ಟಿಯಿಂದ ಲೋಹಪುಡಿಯವರೆಗೆ: ಸ್ವೀಡನ್ನಿನ ವಿಶೇಷ ಉಕ್ಕಿನ ಕೈಗಾರಿಕೆ

ಕೈಗಾರಿಕಾ ಚರಿತ್ರೆಯಲ್ಲಿ ಸಿದ್ಧವಸ್ತುವಿಗೂ ಅದನ್ನು ರೂಪಿಸಿದ ಯಂತ್ರಕ್ಕೂ ದೊರೆತ ಮನ್ನಣೆ, ಕಚ್ಚಾಲೋಹ ಒದಗಿಸಿದವರಿಗೆ ದೊರೆತಿಲ್ಲ. ಪದರದ ಮೇಲೆ ಪದರವಿಟ್ಟು ಲೋಹದ ಭಾಗಗಳನ್ನು ತಯಾರಿಸುವ, ತ್ರೀ-ಡಿ ಮುದ್ರಣವೆಂದು ಪ್ರಸಿದ್ಧವಾದ ವಿಧಾನದ ವಿಷಯದಲ್ಲಿಯೂ ಈ ಮಾತು ನಿಜ. ಅದರ ಇತಿಹಾಸವನ್ನು ಸಾಮಾನ್ಯವಾಗಿ 1980ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಡೆಕಾರ್ಡ್ ಲೇಸರ್ ಕಿರಣದಿಂದ ಪುಡಿಯನ್ನು ಬೆಸೆಯಲು ನಡೆಸಿದ ಪ್ರಯೋಗಗಳಿಂದ ಆರಂಭಿಸಲಾಗುತ್ತದೆ. ಅನಂತರ 1990ರ ದಶಕದಲ್ಲಿ ಜರ್ಮನಿಯ ಆಖೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ನಡೆದ ಕೆಲಸವನ್ನು ಹೆಸರಿಸಲಾಗುತ್ತದೆ. ಯಂತ್ರದ ಚರಿತ್ರೆಯಾಗಿ ಇದು ಸರಿಯೇ. ಆದರೆ ಆ ಯಂತ್ರಕ್ಕೆ ಉಣಿಸುವ ಪುಡಿಯ ಚರಿತ್ರೆ ಇದಕ್ಕಿಂತ ಬಹಳ ಹಿಂದಿನದು. ಸ್ವೀಡನ್ನಿನ ನಿದರ್ಶನದ ಮೂಲಕ ಅದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸ್ವೀಡನ್ನಿನ ಉಪ್‌ಲಾಂಡ್ ಪ್ರಾಂತ್ಯದ ದನ್ನೆಮೂರಾ ಗಣಿಯ ಅದಿರಿನಲ್ಲಿ ರಂಜಕದ ಅಂಶ ಅತ್ಯಲ್ಪ. ಮ್ಯಾಂಗನೀಸ್ ಮಾತ್ರ ಸಾಕಷ್ಟಿತ್ತು. 17ನೆಯ ಶತಮಾನದಲ್ಲಿ ಲೂಯಿ ದೆ ಗೇರ್ ಎಂಬ ಉದ್ಯಮಿಯ ಆಶ್ರಯದಲ್ಲಿ ವಲೋನಿಯಾ ಪ್ರದೇಶದ ಕಮ್ಮಾರರು ಇಲ್ಲಿಗೆ ಬಂದು ನೆಲೆಸಿದರು. ಇದ್ದಿಲಿನ ಕುಲುಮೆಗಳಲ್ಲಿ ಅವರು ತಯಾರಿಸಿದ ಕಬ್ಬಿಣದ ಪಟ್ಟಿಗಳು ಇಂಗ್ಲೆಂಡಿನ ಶೆಫೀಲ್ಡ್‌ಗೆ ರಫ್ತಾಗುತ್ತಿದ್ದವು. ಅಲ್ಲಿ ಅವುಗಳನ್ನು ಇದ್ದಿಲಿನ ನಡುವೆ ಹುದುಗಿಸಿ ದಿನಗಟ್ಟಲೆ ಕಾಯಿಸಿ ಉಕ್ಕಾಗಿಸಲಾಗುತ್ತಿತ್ತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಆ ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಏಕರೂಪಗೊಳಿಸುವ ವಿಧಾನವನ್ನು ಬಳಕೆಗೆ ತಂದನು. ಈ ಎರಡು ಹಂತಗಳಲ್ಲಿಯೂ ರಂಜಕವನ್ನು ತೆಗೆದುಹಾಕುವ ಉಪಾಯವಿರಲಿಲ್ಲ. ಪಟ್ಟಿಯಲ್ಲಿದ್ದ ದೋಷ ಕತ್ತಿಯ ಅಲಗಿಗೂ ಇಳಿಯುತ್ತಿತ್ತು. ಆದಕಾರಣ ಶೆಫೀಲ್ಡ್‌ನ ಉಕ್ಕು ತಯಾರಕರು ಪಟ್ಟಿಯ ಮೇಲಿನ ಮುದ್ರೆಯನ್ನು ನೋಡಿ ಬೆಲೆ ಕಟ್ಟುತ್ತಿದ್ದರು. ಲೋವ್‌ಸ್ಟಾ ಕುಲುಮೆಯ ವೃತ್ತದೊಳಗಿನ ‘ಎಲ್’ ಅಕ್ಷರ, ಓಸ್ಟರ್‌ಬಿ ಕುಲುಮೆಯ ಜೋಡಿ ಗುಂಡಿನ ಗುರುತು ಇವು ಅಂದಿನ ಪ್ರಮಾಣಪತ್ರಗಳೇ ಆಗಿದ್ದವು.

ಇದೇ ಶುದ್ಧತೆ ಮುಂದೆ ಬೆಸೆಮರ್ ವಿಧಾನಕ್ಕೂ ಆಧಾರವಾಯಿತು. ಹೆನ್ರಿ ಬೆಸೆಮರ್ 1856ರಲ್ಲಿ ಪ್ರಕಟಿಸಿದ ವಿಧಾನ, ರಂಜಕಯುಕ್ತ ಬ್ರಿಟಿಷ್ ಬೀಡುಕಬ್ಬಿಣದೊಡನೆ ವಿಫಲವಾಗುತ್ತಿತ್ತು. 1858ರ ಜುಲೈ 18ರಂದು ಸ್ವೀಡನ್ನಿನ ಎಡ್ಸ್ಕೆನ್ ಎಂಬಲ್ಲಿ ಯೋರಾನ್ ಫ್ರೆಡ್ರಿಕ್ ಯೋರಾನ್‌ಸನ್ ಆ ವಿಧಾನದಿಂದ ಉತ್ತಮ ಉಕ್ಕನ್ನು ಪಡೆದನು. ಅವನು 1862ರಲ್ಲಿ ಸ್ಥಾಪಿಸಿದ ಉದ್ಯಮವೇ ಸ್ಯಾಂಡ್ವಿಕ್ ಸಂಸ್ಥೆಯ ಮೂಲ.

20ನೆಯ ಶತಮಾನದ ಆರಂಭದಲ್ಲಿ ಇದ್ದಿಲಿನ ಕಬ್ಬಿಣ ದುಬಾರಿಯಾದಾಗ ಮತ್ತೊಂದು ಮಾರ್ಗ ತೆರೆಯಿತು. 1797ರಲ್ಲಿ ಕಲ್ಲಿದ್ದಲು ಗಣಿಗಾರಿಕೆಗಾಗಿ ಸ್ಥಾಪಿತವಾದ ಹೋಗನೆಸ್ ಸಂಸ್ಥೆಯಲ್ಲಿ ಎಮಿಲ್ ಸ್ಯೂರಿನ್ ಎಂಬ ತಜ್ಞನು ಶುದ್ಧ ಅದಿರನ್ನು ಕಲ್ಲಿದ್ದಲಿನ ಕೋಕ್ ಪುಡಿಯೊಡನೆ ಸುಡುಮಣ್ಣಿನ ಪಾತ್ರೆಗಳಲ್ಲಿ ತುಂಬಿ ಕಾಯಿಸಿ, ಕರಗಿಸದೆಯೇ ಸ್ಪಾಂಜ್ ಕಬ್ಬಿಣವನ್ನು ಪಡೆಯುವ ವಿಧಾನವನ್ನು ರೂಪಿಸಿದನು. ವಿಶೇಷ ಉಕ್ಕಿನ ಕುಲುಮೆಗಳಿಗೆ ಕಚ್ಚಾಲೋಹವನ್ನು ಒದಗಿಸುವುದೇ ಇದರ ಮೊದಲ ಉದ್ದೇಶವಾಗಿತ್ತು. ಇದನ್ನೇ ಅರೆದು ಪಡೆದ ಪುಡಿ, ಅಚ್ಚಿನಲ್ಲಿ ಒತ್ತಿ ಕಾಯಿಸಿ ಯಂತ್ರಭಾಗಗಳನ್ನು ಮಾಡುವ ಉದ್ಯಮಕ್ಕೆ ಮುಂದೆ ಮುಖ್ಯ ಆಧಾರವಾಯಿತು.

ಆದರೆ ಅರೆದ ಪುಡಿಯ ಕಣಗಳು ಅಂಕುಡೊಂಕಾಗಿರುತ್ತವೆ. ಒತ್ತಿದಾಗ ಒಂದಕ್ಕೊಂದು ಹೆಣೆದುಕೊಳ್ಳಲು ಇದು ಅನುಕೂಲ; ಸರಾಗವಾಗಿ ಹರಿಯಲು ಅಡ್ಡಿ. ಉರುಟು ಕಣಗಳ ಪುಡಿ ಬೇರೊಂದು ಅಗತ್ಯದಿಂದ ಬೆಳೆದು ಬಂದಿತು. ಅತಿವೇಗದ ಕತ್ತರಿಸುವ ಉಪಕರಣಗಳಿಗೆ ಬೇಕಾದ ಉಕ್ಕನ್ನು ದೊಡ್ಡ ಗಟ್ಟಿಗಳಾಗಿ ಎರಕಹೊಯ್ದಾಗ, ಅದು ನಿಧಾನವಾಗಿ ಆರುವಷ್ಟರಲ್ಲಿ ಕಾರ್ಬೈಡುಗಳು ಅಲ್ಲಲ್ಲಿ ಗುಂಪುಗೂಡಿ ಉಕ್ಕು ಬಿರುಸಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ 1970ರ ಸುಮಾರಿಗೆ ಸೋಡರ್‌ಫೋರ್ಸ್ ಕಾರ್ಖಾನೆಯಲ್ಲಿ ಆಸೆಯಾ-ಸ್ಟೋರಾ ವಿಧಾನ ಬಳಕೆಗೆ ಬಂದಿತು. ಕರಗಿದ ಉಕ್ಕಿನ ಧಾರೆಗೆ ಜಡ ಅನಿಲವನ್ನು ರಭಸದಿಂದ ಹಾಯಿಸಿದಾಗ ಅದು ಹನಿಹನಿಯಾಗಿ ಸಿಡಿಯುತ್ತದೆ. ಪ್ರತಿಯೊಂದು ಹನಿಯೂ ಕ್ಷಣಾರ್ಧದಲ್ಲಿ ಗಟ್ಟಿಯಾಗುವುದರಿಂದ ಕಾರ್ಬೈಡುಗಳು ಗುಂಪುಗೂಡಲು ಅವಕಾಶವಿರುವುದಿಲ್ಲ. ಈ ಕಾರ್ಖಾನೆ 1676ರಲ್ಲಿ ಹಡಗಿನ ಲಂಗರುಗಳ ತಯಾರಿಕೆಗಾಗಿ ಸ್ಥಾಪಿತವಾದದ್ದೆಂಬುದು ಇಲ್ಲಿ ಉಲ್ಲೇಖಾರ್ಹ. ಅದೇ ದಶಕದಲ್ಲಿ ಆರಂಭವಾದ, ಅನಂತರ ಸ್ಯಾಂಡ್ವಿಕ್‌ಗೆ ಸೇರಿದ ವೇಲ್ಸ್‌ನ ಆಸ್ಪ್ರೇ ಸಂಸ್ಥೆಯೂ ಅನಿಲದಿಂದ ಲೋಹವನ್ನು ಸಿಡಿಸುವ ವಿದ್ಯೆಯಲ್ಲಿ ಹೆಸರಾಯಿತು.

ಹೀಗೆ ಮುದ್ರಣಯಂತ್ರಗಳು ಬರುವ ವೇಳೆಗೆ ಅವುಗಳಿಗೆ ಬೇಕಾದ ಪುಡಿಯನ್ನು ತಯಾರಿಸುವ ವಿದ್ಯೆ ಸಿದ್ಧವಾಗಿತ್ತು. ಲೇಸರ್ ಮುದ್ರಣಕ್ಕೆ ಸಾಮಾನ್ಯವಾಗಿ 15ರಿಂದ 45 ಮೈಕ್ರೋಮೀಟರ್ ಗಾತ್ರದ ಉರುಟು ಕಣಗಳು ಬೇಕು. ಕಣದೊಳಗೆ ಅನಿಲ ಸಿಕ್ಕಿಕೊಂಡಿದ್ದರೆ ಸಿದ್ಧಭಾಗದಲ್ಲಿ ರಂಧ್ರ ಉಳಿಯಬಹುದು. ಪುಡಿ ತೇವವಾದರೆ ಸಮನಾಗಿ ಹರಡದು. ಆಮ್ಲಜನಕ ಹೆಚ್ಚಿದರೆ ಲೋಹದ ಬಾಳಿಕೆ ಕುಂದುತ್ತದೆ. ಯಂತ್ರವು ಲೋಹವನ್ನು ಕರಗಿಸಿ ಕೂಡಿಸಬಲ್ಲುದು, ಶುದ್ಧೀಕರಿಸಲಾರದು. ಶೆಫೀಲ್ಡ್‌ನ ಮೂಸೆಗಿದ್ದ ಮಿತಿಯೇ ಇದಕ್ಕೂ ಇದೆ. 1997ರಲ್ಲಿ ಸ್ವೀಡನ್ನಿನಲ್ಲಿಯೇ ಸ್ಥಾಪಿತವಾದ ಆರ್ಕಾಮ್ ಸಂಸ್ಥೆ ಎಲೆಕ್ಟ್ರಾನ್ ಕಿರಣದ ಮುದ್ರಣಯಂತ್ರಗಳನ್ನು ತಯಾರಿಸಿತು. 2019ರಲ್ಲಿ ಸ್ಯಾಂಡ್ವಿಕ್ ತನ್ನ ಮೂಲಸ್ಥಾನದಲ್ಲಿ ಟೈಟಾನಿಯಂ ಪುಡಿಯ ಕಾರ್ಖಾನೆಯನ್ನು ತೆರೆಯಿತು. ಅದಿರು ಬದಲಾಯಿತು, ಲೋಹವೂ ಬದಲಾಯಿತು. ಪರರ ಕುಶಲತೆಗೆ ಶುದ್ಧ ಲೋಹವನ್ನು ಒದಗಿಸುವ ವೃತ್ತಿ ಮುಂದುವರಿಯಿತು.

ಈ ಸಂದರ್ಭದಲ್ಲಿ ಕನ್ನಡ ನಾಡಿನ ಒಂದು ಸಂಗತಿಯನ್ನು ಸ್ಮರಿಸುವುದು ಅಪ್ರಸ್ತುತವಾಗದು. ಮೈಸೂರು ಸೀಮೆಯಲ್ಲಿ ಮೂಸೆಯ ಉಕ್ಕನ್ನು ತಯಾರಿಸುತ್ತಿದ್ದ ರೀತಿಯನ್ನು ಫ್ರಾನ್ಸಿಸ್ ಬುಕಾನನ್ 1800-01ರ ತನ್ನ ಪ್ರವಾಸದಲ್ಲಿ ದಾಖಲಿಸಿದ್ದಾನೆ. ದಕ್ಷಿಣ ಭಾರತದ ಇಂತಹ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾಕ್ಕೆ ರಫ್ತಾಗಿ ಅಲ್ಲಿ ಖಡ್ಗಗಳಾದವು. ಖಡ್ಗಕ್ಕೆ ದಮಾಸ್ಕಸ್ ನಗರದ ಹೆಸರು ಬಂದಿತು; ಮೂಸೆ ಕಟ್ಟಿದವರ ಹೆಸರು ಉಳಿಯಲಿಲ್ಲ. ಸ್ವೀಡನ್ನಿನ ಕುಲುಮೆಗಳನ್ನು ಇಂದು ಗುರುತಿಸಲು ಸಾಧ್ಯವಾಗಿರುವುದು ಪಟ್ಟಿಯ ಮೇಲೊತ್ತಿದ ಮುದ್ರೆಯಿಂದ. ಇಂದಿನ ಪುಡಿಯ ಪ್ರತಿಯೊಂದು ತಂಡಕ್ಕೂ ವಿಶ್ಲೇಷಣೆಯ ಪ್ರಮಾಣಪತ್ರವಿರುತ್ತದೆಯಾದರೂ, ಮುದ್ರಿತವಾದ ಭಾಗದ ಮೇಲೆ ಅದರ ಗುರುತೇನೂ ಕಾಣಸಿಗದು. ತಂತ್ರಜ್ಞಾನದ ಚರಿತ್ರಕಾರರು ಯಂತ್ರಗಳೊಡನೆ ಈ ಪ್ರಮಾಣಪತ್ರಗಳನ್ನೂ ಆಕರಗಳೆಂದು ಪರಿಗಣಿಸಿ ಸಂಗ್ರಹಿಸದಿದ್ದರೆ, ಕಚ್ಚಾಲೋಹ ಒದಗಿಸಿದವರ ಚರಿತ್ರೆ ಮತ್ತೊಮ್ಮೆ ಮರೆಯಾಗುವುದರಲ್ಲಿ ಸಂದೇಹವಿಲ್ಲ.