ಉಕ್ಕಿನ ತಂತಿ, ತೆಳು ಹಲಗೆ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡು ಬೋರಗಾಂವ ಎಂಬ ಊರಿದೆ. ಕಬ್ಬು, ಹೊಗೆಸೊಪ್ಪುಗಳ ಸೀಮೆ ಅದು. ವಾದ್ಯಗಳ ಚರಿತ್ರೆಯನ್ನು ಹೇಳಹೊರಟವನು ಇಲ್ಲಿಂದೇಕೆ ಆರಂಭಿಸಬೇಕು ಎಂದು ನೀವು ಕೇಳಬಹುದು. ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿರಿ. ಊರಿನ ಉತ್ತರಕ್ಕೆ ಇಚಲಕರಂಜಿ. ಗ್ವಾಲಿಯರ್ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಳಕೃಷ್ಣಬುವಾ ತಮ್ಮ ಹೆಸರಿನೊಡನೆ ಸೇರಿಸಿಕೊಂಡ ಊರು. ಈಶಾನ್ಯಕ್ಕೆ ಕುರುಂದವಾಡ, 1872ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಹುಟ್ಟಿದ ಸ್ಥಳ. ಅದರಾಚೆ ಮಿರಜ. ಇವೆಲ್ಲ ಬೋರಗಾಂವದಿಂದ ಹತ್ತು ಹರದಾರಿಯೊಳಗಿನ ಊರುಗಳು. ನಮ್ಮ ಮಾತು ಮುಖ್ಯವಾಗಿ ಈ ಮಿರಜದ್ದು, ಅಲ್ಲಿ ಹುಟ್ಟುವ ತಂಬೂರಿಯದು.

ರೇಡಿಯೋದಲ್ಲಿ ಖ್ಯಾಲ್ ಕೇಳುವಾಗ ನಮ್ಮ ಗಮನ ಹಾಡುವವರ ಮೇಲಿರುತ್ತದೆ. ಅವರು ಬಾಯಿ ತೆರೆಯುವ ಮೊದಲೇ ಮನೆಯನ್ನೆಲ್ಲ ತುಂಬುವ ಆ ಝೇಂಕಾರವನ್ನು ನಾವು ಕೇಳಿಯೂ ಕೇಳದಂತೆ ಇರುತ್ತೇವೆ. 1940ರಿಂದ 1971ರ ವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಮ್ಮಿಗೆ ಪ್ರವೇಶವಿರಲಿಲ್ಲ. 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾದಾಗಲೂ ಅದೇ ನಿಯಮ. ಆ ವರ್ಷಗಳಲ್ಲಿ ಗಾಯಕರು ಸ್ವರಕ್ಕಾಗಿ ನೆಚ್ಚಿದ್ದು ತಂಬೂರಿಯನ್ನೇ. ಈ ನಾದ ಎಲ್ಲಿಂದ ಬರುತ್ತದೆ? ಮರದಿಂದಲೆ, ಬುರುಡೆಯಿಂದಲೆ, ತಂತಿಯಿಂದಲೆ? ಇದೇ ಪ್ರಶ್ನೆಯನ್ನು ಪಶ್ಚಿಮದವರು ತಮ್ಮ ಉಕ್ಕಿನ ತಂತಿಯ ಗಿಟಾರಿನ ಬಗ್ಗೆ ನೂರು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದಾರೆ. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಉತ್ತರ ಸ್ವಲ್ಪ ಸುಲಭವಾದೀತು.

ಮೊದಲು ಮಿರಜದ ಕಥೆ. ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಆ ಊರಿನಲ್ಲಿ ಆಯುಧಗಳನ್ನು ಮಾಡುವ, ಸಾಣೆ ಹಿಡಿಯುವ ಶಿಕಲಗಾರರಿದ್ದರು. ಇಂಗ್ಲಿಷರ ಆಳಿಕೆ ಬಂದ ಮೇಲೆ ಕತ್ತಿಗಳಿಗೆ ಕೆಲಸವಿಲ್ಲದಂತಾಯಿತು. ಆಗ, ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ, ಫರೀದಸಾಹೇಬ ಎಂಬವರು ಸಿತಾರು ತಂಬೂರಿಗಳ ಕಡೆಗೆ ತಿರುಗಿದರೆಂದೂ ಇಂದಿನ ಕುಶಲಕರ್ಮಿಗಳ ಮನೆತನಗಳು ಅವರಿಂದಲೇ ಬೆಳೆದುವೆಂದೂ ಅಲ್ಲಿಯವರು ಹೇಳುತ್ತ ಬಂದಿದ್ದಾರೆ. ಕತ್ತಿಯ ಉಕ್ಕನ್ನು ಬಿಟ್ಟ ಕೈ ತಂತಿಯ ಉಕ್ಕನ್ನು ಹಿಡಿಯಿತು.

ಕಲಿಸುವ ಗುರುಗಳೂ ಅದೇ ಊರಿನಲ್ಲಿದ್ದರು. ಬಾಳಕೃಷ್ಣಬುವಾ ಅವರಲ್ಲಿ ಪಲುಸ್ಕರರು ಕಲಿತದ್ದು ಮಿರಜದಲ್ಲಿ. ಅದೇ ಪರಂಪರೆಯ ನೀಲಕಂಠಬುವಾ ಆಲೂರಮಠರಲ್ಲಿ ಕನ್ನಡದವರಾದ ಪಂಚಾಕ್ಷರ ಗವಾಯಿಗಳೂ ಮಲ್ಲಿಕಾರ್ಜುನ ಮನಸೂರರೂ ಕಲಿತರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದೂ, 1937ರಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದೂ ಮಿರಜದಲ್ಲಿಯೇ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಖಾನಸಾಹೇಬರು ತಂಬೂರಿಯನ್ನು ರಿಪೇರಿ ಮಾಡುವುದರಲ್ಲಿ, ಅದರ ಜವಾರಿಯನ್ನು ಕೂಡಿಸುವುದರಲ್ಲಿ ಸ್ವತಃ ನಿಪುಣರಾಗಿದ್ದರು. ಹಾಡುವವನ ಕಿವಿ ಮತ್ತು ಮಾಡುವವನ ಕೈ ಒಂದೇ ಬೀದಿಯಲ್ಲಿ ಇದ್ದುದರಿಂದಲೇ ಮಿರಜದ ತಂಬೂರಿಗೆ ಆ ಹೆಸರು ಬಂದಿತು.

ಈ ತಂಬೂರಿಯ ಹೊಟ್ಟೆ ಮರದ್ದಲ್ಲ, ಸೋರೆಬುರುಡೆಯದು. ಬುರುಡೆಗಳು ಬರುವುದು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯಿಂದ. ಬಲಿತು ಒಣಗಿದ ಬುರುಡೆಯನ್ನು ಕೊಯ್ದು, ನೀರಿನಲ್ಲಿ ನೆನೆಸಿ, ಬೇಕಾದ ಆಕಾರಕ್ಕೆ ಹಿಗ್ಗಿಸಿ ಮತ್ತೆ ಒಣಗಿಸುತ್ತಾರೆ. ಅದರ ಬಾಯಿಗೆ ಮುಚ್ಚುವ ತೆಳು ಹಲಗೆಯೇ ತಬಲಿ. ತಬಲಿಯೂ ಮೇಲಿನ ದಂಡಿಗೆಯೂ ತೂನಿ ಮರದವು. ನಮ್ಮ ಮಲೆನಾಡಿನವರು ಗಂಧಗರಿಗೆ ಎನ್ನುವ ಕೆಂಪು ಛಾಯೆಯ ಹಗುರ ಮರ. ಮಿರಜಕ್ಕೆ ಬೇಕಾದ ಮರ ಕರ್ನಾಟಕದ ಕಾಡುಗಳಿಂದ ಹೋಗುತ್ತದೆ. ತಂತಿಗಳು ನಾಲ್ಕು. ನಡುವಿನ ಜೋಡು ತಂತಿ ಉಕ್ಕಿನವು, ಕೊನೆಯ ಖರಜ ಹಿತ್ತಾಳೆಯದು.

ಈಗ ಸಮುದ್ರದಾಚೆಗೆ ಹೋಗೋಣ. ಸ್ಯಾಕ್ಸನಿಯ ಮಾರ್ಕ್‌ನೊಯ್‌ಕಿರ್ಷನ್ ಊರಿನ ಸಿ. ಎಫ್. ಮಾರ್ಟಿನ್ 1833ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಗಿಟಾರುಗಳನ್ನು ಮಾಡತೊಡಗಿದನು. ಆ ಕಾಲಕ್ಕೆ ಗಿಟಾರಿಗೆ ಇದ್ದುದು ಕರುಳಿನ ತಂತಿ. 1840ರ ದಶಕದಲ್ಲಿ ಅವನ ಕಾರ್ಖಾನೆಯಲ್ಲಿ ಮುಖದ ಹಲಗೆಯ ಒಳಮೈಗೆ ಗುಣಾಕಾರದ ಗುರುತಿನಂತೆ ಎರಡು ಪಟ್ಟಿಗಳನ್ನು ಅಡ್ಡಡ್ಡ ಅಂಟಿಸುವ ರೀತಿ ರೂಢಿಗೆ ಬಂದಿತು. ಮುಂದೆ 1920ರ ದಶಕದಲ್ಲಿ ಉಕ್ಕಿನ ತಂತಿ ಎಲ್ಲೆಡೆ ಬಳಕೆಗೆ ಬಂದಾಗ ಆ ಹಳೆಯ ಪಟ್ಟಿಗಳೇ ಗಿಟಾರನ್ನು ಉಳಿಸಿದುವು. ಏಕೆಂದರೆ ಆರು ಉಕ್ಕಿನ ತಂತಿಗಳು ಸೇರಿ ಎಳೆಯುವ ಬಲ ಸುಮಾರು 70 ಕಿಲೋಗ್ರಾಂ. ಒಬ್ಬ ಆಳಿನ ಭಾರ. ಅದನ್ನು ತಡೆಯಬೇಕಾದ ಮುಖದ ಹಲಗೆಯ ದಪ್ಪವೋ ಮೂರು ಮಿಲಿಮೀಟರಿನ ಆಸುಪಾಸು. ದಪ್ಪ ಮಾಡಿದರೆ ಗಟ್ಟಿಯಾದೀತು, ಆದರೆ ಮೂಕವಾದೀತು. ತೆಳುವಾದಷ್ಟೂ ಹಾಡೀತು, ಆದರೆ ಬಾಗಿ ಒಡೆದೀತು. ಗಿಟಾರು ಮಾಡುವವನ ವಿದ್ಯೆಯೆಲ್ಲ ಈ ಎರಡರ ನಡುವಿನ ಕೂದಲೆಳೆಯ ದಾರಿಯಲ್ಲಿದೆ. ಮಿರಜದ ತಬಲಿಯನ್ನು ಕೆತ್ತುವವನ ವಿದ್ಯೆಯೂ ಅದೇ.

ಗಿಟಾರಿನ ಮುಖಕ್ಕೆ ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಚಳಿನಾಡಿನ ಮರ. ಅದು ಬಲು ಹಗುರ. ಘನ ಅಡಿಗೆ ಸುಮಾರು 12 ಕಿಲೋ. ಹಗುರವಾಗಿದ್ದರೂ ಎಳೆಯ ಉದ್ದಕ್ಕೆ ಬಿಗಿಯಾದುದು. ಬೆನ್ನಿಗೂ ಪಕ್ಕಗಳಿಗೂ ಮಹಾಗನಿ, ಇಲ್ಲವೆ ರೋಸ್‌ವುಡ್. ಮಾರ್ಟಿನ್ ಕಂಪನಿಯ ಡಿ-18 ಮತ್ತು ಡಿ-28 ಎಂಬ ಹೆಸರಾದ ಎರಡು ಮಾದರಿಗಳ ಆಕಾರ ಒಂದೇ, ಮುಖದ ಮರ ಒಂದೇ. ಮೊದಲನೆಯದರ ಬೆನ್ನು ಮಹಾಗನಿ, ಎರಡನೆಯದರದು ರೋಸ್‌ವುಡ್. ಮಹಾಗನಿಯದು ನೇರವಾದ, ಒಣದನಿ. ರೋಸ್‌ವುಡ್ಡಿನದು ತುಂಬಿದ, ಆಳವಾದ ದನಿ ಎಂದು ನುಡಿಸುವವರು ವಾದಿಸುತ್ತ ಬಂದಿದ್ದಾರೆ.

ಈ ವಾದ ನಮ್ಮ ಮನೆಯ ಹಿತ್ತಿಲಿಗೂ ಬಂದಿತು. ಮೊದಲು ಬಳಕೆಯಲ್ಲಿದ್ದುದು ಬ್ರೆಜಿಲ್ ದೇಶದ ರೋಸ್‌ವುಡ್. ಆ ದೇಶ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ್ದರಿಂದ 1969ರ ಸುಮಾರಿಗೆ ಮಾರ್ಟಿನ್ ಕಂಪನಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಇದು ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಕೆತ್ತನೆಯ ಮೇಜು ಕುರ್ಚಿಗಳಲ್ಲಿ ನೀವು ಕಂಡಿರುವ ಅದೇ ಕಗ್ಗೆಂಪು ಮರ. ಘನ ಅಡಿಗೆ ಸುಮಾರು 24 ಕಿಲೋ ತೂಗುವುದು. ಹೆಸರಿಗೆ ಬೇಡಿಕೆ ಬೆಳೆದಂತೆ ಕಾಡು ತೆಳುವಾಯಿತು. ಬೀಟೆಯ ಜಾತಿಯ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದುವು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ರಿಯಾಯಿತಿ ದೊರೆಯಿತು.

ಹಾಗಾದರೆ ಬೆನ್ನಿನ ಮರಕ್ಕೆ ನಿಜವಾಗಿಯೂ ಅಷ್ಟು ಮಹಿಮೆಯಿದೆಯೆ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆ ಮಾಡಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬನೇ ಕುಶಲಕರ್ಮಿಯಿಂದ ಒಂದೇ ಅಳತೆಯ ಆರು ಗಿಟಾರುಗಳನ್ನು ಮಾಡಿಸಿದರು. ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಅವುಗಳಲ್ಲಿ ಬ್ರೆಜಿಲಿನ ರೋಸ್‌ವುಡ್ಡೂ ನಮ್ಮ ಬೀಟೆಯೂ ಮಹಾಗನಿಯೂ ಇದ್ದುವು. ಮರ ಕಾಣದಂತೆ ಮಾಡಿ 52 ಮಂದಿ ವಾದಕರ ಕೈಗೆ ಕೊಟ್ಟರು. ಆರಕ್ಕೂ ಅವರು ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟರು! ಸ್ಪೇನಿನ ಆಂತೊನಿಯೊ ದೆ ತೊರೆಸ್ ಎಂಬ ಮಹಾಕುಶಲಿ 1862ರಲ್ಲಿಯೇ ಕಾಗದದ ರಟ್ಟಿನಿಂದ ಬೆನ್ನು, ಪಕ್ಕಗಳನ್ನು ಮಾಡಿ, ಒಳ್ಳೆಯ ಮುಖದ ಹಲಗೆಯನ್ನು ಹಚ್ಚಿ ಒಂದು ಗಿಟಾರನ್ನು ಕಟ್ಟಿದ್ದನು. ಅವನದು ಕರುಳಿನ ತಂತಿಯ ವಾದ್ಯ. ಆದರೂ ಪಾಠ ಒಂದೇ. ಮುಖದ ಹಲಗೆ ಸರಿಯಾಗಿದ್ದರೆ ಬೆನ್ನು ರಟ್ಟಿನದಾದರೂ ನಡೆದೀತು. ಬುರುಡೆಯ ಹೊಟ್ಟೆಯ ಮೇಲೆ ತೆಳು ತಬಲಿ ಹೊದಿಸಿದ ಮಿರಜದವರಿಗೆ ಈ ಮಾತು ಹೊಸದೇನೂ ಅಲ್ಲ.

ಆದರೆ ತಂಬೂರಿಯಲ್ಲಿ ಗಿಟಾರಿನಲ್ಲಿಲ್ಲದ ಇನ್ನೊಂದು ಗುಟ್ಟಿದೆ. ಗಿಟಾರಿನಲ್ಲಿ ತಂತಿ ಒಂದು ಕಿರಿದಾದ ಎಲುಬಿನ ಅಂಚಿನ ಮೇಲೆ ಹಾಯುತ್ತದೆ. ತಂಬೂರಿಯ ಕುದುರೆಯಾದರೋ ಅಗಲ. ಮೇಲ್ಮೈ ಕಂಡೂ ಕಾಣದಂತೆ ಇಳಿಜಾರು. ಕಂಪಿಸುವ ತಂತಿ ಅದನ್ನು ಸವರುತ್ತ ಇರುತ್ತದೆ. ನಡುವೆ ಒಂದು ನೂಲಿನೆಳೆಯನ್ನು ತೂರಿಸಿ ಹಿಂದೆ ಮುಂದೆ ಸರಿಸಿದರೆ ಒಂದು ಸ್ಥಳದಲ್ಲಿ ನಾದ ತಟ್ಟನೆ ಅರಳುತ್ತದೆ. ಇದನ್ನೇ ಜವಾರಿ ಎನ್ನುವುದು. ನಮ್ಮ ಕರ್ನಾಟಕ ಸಂಗೀತದವರ ಜೀವಾಳಿ. ತಂತಿಯನ್ನು ಎಲ್ಲಿ ಮೀಟುತ್ತೇವೆಯೋ ಅಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಪಶ್ಚಿಮದ ವಿಜ್ಞಾನಿಗಳ ನಿಯಮ. ತಂಬೂರಿಯಲ್ಲಿ, ವೀಣೆಯಲ್ಲಿ ಅವು ಹುಟ್ಟುತ್ತವೆಂದೂ ಅದಕ್ಕೆ ಈ ಕುದುರೆಯೇ ಕಾರಣವೆಂದೂ ಸಿ. ವಿ. ರಾಮನ್ನರು 1921ರ ಲೇಖನದಲ್ಲಿ ತೋರಿಸಿದರು. ದಕ್ಷಿಣದ ತಂಬೂರಿಯ ಹೊಟ್ಟೆ ಹಲಸಿನ ಮರದ್ದು, ಮಿರಜದ್ದು ಬುರುಡೆಯದು. ಆದರೂ ಎರಡೂ ಝೇಂಕರಿಸುತ್ತವೆ. ಜವಾರಿ ಕೆಟ್ಟರೆ ಎಂಥ ಮರದ ತಂಬೂರಿಯೂ ಬರಿಯ ಮರ. ಆ ಕುದುರೆಯನ್ನು ಉಜ್ಜಿ ಸರಿಪಡಿಸುವುದಕ್ಕೆ ಬೇಕಾದುದು ಕೈ, ಮತ್ತು ಕಿವಿ.

ಇಂದು ಕ್ಷೀಣಿಸುತ್ತಿರುವುದು ಆ ಕೈಯೇ. ವಿದ್ಯುತ್ ಶ್ರುತಿಪೆಟ್ಟಿಗೆ ಬಂದಿತು, ಬಳಿಕ ಕಿಸೆಯೊಳಗಿನ ಫೋನೇ ತಂಬೂರಿಯಾಯಿತು. ಅನುಕೂಲ ನಿಜ, ಪ್ರಯಾಣದಲ್ಲಿ ದೊಡ್ಡ ಬುರುಡೆಯನ್ನು ಹೊತ್ತು ತಿರುಗುವ ಕಷ್ಟ ತಿಳಿದವರು ಅದನ್ನು ದೂರಲಾರರು. ಆದರೆ ಫೋನಿಗೆ ಜವಾರಿ ತೆಗೆಯಬೇಕಾಗಿಲ್ಲ. ಕೆಲಸ ಬಾರದಿದ್ದರೆ ಮಗನು ತಂದೆಯ ಬಳಿ ಕುಳಿತು ಕಲಿಯುವುದೂ ಇಲ್ಲ. 2024ರಲ್ಲಿ ಮಿರಜದ ಸಿತಾರು ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಹೆಸರಿಗೆ ರಕ್ಷಣೆಯಾಯಿತು. ಹೆಸರೇ ವಾದ್ಯವನ್ನು ಮಾಡಲಾರದೆಂಬುದನ್ನು ಬೀಟೆಯ ಕಥೆಯಲ್ಲಿ ಕಂಡೆವಷ್ಟೆ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಮಿರಜ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಬೋರಗಾಂವದ ಮಗ್ಗುಲಲ್ಲಿ ಗೆರೆ ಬಿದ್ದಿತು. ತಂಬೂರಿಯಲ್ಲಿ ಮಾತ್ರ ಆ ಗೆರೆ ಇಲ್ಲ. ಅದರ ದಂಡಿಗೆ ನಮ್ಮ ಕಾಡಿನದು, ಬುರುಡೆ ಅವರ ಹೊಲದ್ದು, ಕೆಲಸ ಮಿರಜದ್ದು, ಅದರ ಮುಂದೆ ಕುಳಿತು ಹಾಡಿದವರಲ್ಲಿ ಎಷ್ಟೋ ಮಂದಿ ಧಾರವಾಡ ಗದಗುಗಳವರು.

ವಾಚಕರೇ, ನಿಮ್ಮ ಮನೆಯ ಮೂಲೆಯಲ್ಲಿ ಅಜ್ಜನ ಕಾಲದ ತಂಬೂರಿಯೊಂದು ಬಟ್ಟೆ ಸುತ್ತಿಕೊಂಡು ನಿಂತಿದ್ದರೆ, ದಯವಿಟ್ಟು ಅದನ್ನು ಅಟ್ಟಕ್ಕೆ ಹಾಕಬೇಡಿರಿ. ಒಮ್ಮೆ ಮಿರಜಕ್ಕೆ ಒಯ್ದು ಜವಾರಿ ತೆಗೆಸಿರಿ. ಮರಳಿ ತಂದು ತಂತಿ ಮೀಟಿದಾಗ, ಇಷ್ಟು ದಿನ ರೇಡಿಯೋದಲ್ಲಿ ಹಾಡಿನ ಹಿಂದೆ ಕೇಳಿಯೂ ಕೇಳದಿದ್ದುದು ಏನೆಂಬುದು ನಿಮಗೆ ತಿಳಿಯುವುದು.