ಟ್ರಾವೆಲ್ ಟ್ರೇಲರ್: ಕೊಳ್ಳುವ ಮುನ್ನ, ಎಳೆಯುವ ಮುನ್ನ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗಿಬರುವ ಹಿರಿಯರು ಹೊರನಾಡ ಕನ್ನಡಿಗರಲ್ಲಿ ಅನೇಕರಿದ್ದಾರೆ. ಅಲ್ಲಿನ ಹೆದ್ದಾರಿಗಳಲ್ಲಿ ಕಾರಿನ ಬೆನ್ನಿಗೆ ಪುಟ್ಟ ಮನೆಯೊಂದು ಉರುಳಿಕೊಂಡು ಹೋಗುವ ದೃಶ್ಯ ಅವರಿಗೆ ಅಪರಿಚಿತವಲ್ಲ. ಮಂಚ, ಒಲೆ, ಶೌಚಾಲಯಗಳೆಲ್ಲ ಅಡಕವಾಗಿದ್ದು ತನ್ನದೇ ಆದ ಎಂಜಿನ್ ಇಲ್ಲದ ಈ ಬಂಡಿಯನ್ನು ಅಮೆರಿಕನ್ನರು ಟ್ರಾವೆಲ್ ಟ್ರೇಲರ್ ಎಂದೂ ಬ್ರಿಟಿಷರು ಕ್ಯಾರವಾನ್ ಎಂದೂ ಕರೆಯುತ್ತಾರೆ. 'ನಾವೂ ಒಂದನ್ನು ಕೊಂಡರೆ ಹೇಗೆ?' ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ ಮಾತು ಸಾಮಾನ್ಯವಾಗಿ ಬೆಲೆ, ಬಣ್ಣ, ಹಾಸಿಗೆಗಳ ಸಂಖ್ಯೆಯ ಸುತ್ತಲೇ ತಿರುಗುತ್ತದೆ. ಆದರೆ ಮೊದಲು ಕೇಳಬೇಕಾದದ್ದು ತೂಕದ ಪ್ರಶ್ನೆ.

ಈ ಹವ್ಯಾಸಕ್ಕೆ ದೀರ್ಘ ಇತಿಹಾಸವಿದೆ. ನೌಕಾಪಡೆಯ ವೈದ್ಯರಾಗಿದ್ದು ಲೇಖಕರೂ ಆಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರು 1885ರಲ್ಲಿ 'ವಾಂಡರರ್' ಎಂಬ ಕುದುರೆ ಎಳೆಯುವ ವಿಹಾರಬಂಡಿಯನ್ನು ಕಟ್ಟಿಸಿಕೊಂಡು ಬ್ರಿಟನ್ ಸುತ್ತಿದರು. ಅಮೆರಿಕದಲ್ಲಿ ವಾಲಿ ಬಯಾಮ್ 1931ರಲ್ಲಿ ಏರ್‌ಸ್ಟ್ರೀಮ್ ಸಂಸ್ಥೆಯನ್ನು ಆರಂಭಿಸಿದರು. 1969ರಲ್ಲಿ ಚಂದ್ರನಿಂದ ಮರಳಿದ ಅಪೋಲೋ 11ರ ಗಗನಯಾತ್ರಿಗಳನ್ನು ಪ್ರತ್ಯೇಕವಾಗಿರಿಸಲು ಬಳಸಿದ್ದು, ಚಕ್ರ ತೆಗೆದು ಮಾರ್ಪಡಿಸಿದ ಅದೇ ಸಂಸ್ಥೆಯ ಟ್ರೇಲರನ್ನು. ಇಂದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪ್ರದೇಶ ಈ ಉದ್ಯಮದ ತವರು.

ಇನ್ನು ತೂಕದ ವಿಚಾರ. ಮಾರಾಟದ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವುದು 'ಡ್ರೈ ವೇಟ್', ಅಂದರೆ ನೀರು, ಪಾತ್ರೆ, ಬಟ್ಟೆ ಯಾವುದೂ ಇಲ್ಲದ ಬರಿಯ ಬಂಡಿಯ ತೂಕ. ಆ ತೂಕದಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲ. ಒಂದು ಗ್ಯಾಲನ್ ನೀರೇ ಸುಮಾರು 8.3 ಪೌಂಡು ತೂಗುತ್ತದೆ. 40 ಗ್ಯಾಲನ್ನಿನ ತೊಟ್ಟಿ ತುಂಬಿದರೆ 330 ಪೌಂಡು, ಅಂದರೆ 150 ಕಿಲೋ ಹೆಚ್ಚಾಯಿತು. ಆದುದರಿಂದ ಲೆಕ್ಕ ಹಾಕಬೇಕಾದದ್ದು ಟ್ರೇಲರಿನ ಮೈಮೇಲಿನ ಫಲಕದಲ್ಲಿ ಜಿ.ವಿ.ಡಬ್ಲ್ಯು.ಆರ್. ಎಂದು ನಮೂದಿಸಿರುವ ಗರಿಷ್ಠ ತೂಕವನ್ನು ಹಿಡಿದು.

ಎರಡನೆಯದು ಮುಂಭಾರ. ಹಳ್ಳಿಯಲ್ಲಿ ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ನೊಗ ಹಗುರಾಗುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಕತ್ತು ಕುಸಿಯುತ್ತದೆ. ಟ್ರೇಲರಿನ ಮೂಕಿಯು ವಾಹನದ ಕೊಂಡಿಯ ಮೇಲೆ ಹೇರುವ ಭಾರಕ್ಕೆ 'ಟಂಗ್ ವೇಟ್' ಎಂದು ಹೆಸರು. ಅದು ತುಂಬಿದ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟಿರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಹಾವಿನಂತೆ ಹೊಯ್ದಾಡತೊಡಗುತ್ತದೆ. ಹೆಚ್ಚಾದರೆ ಎಳೆಯುವ ವಾಹನದ ಹಿಂಭಾಗ ಕುಗ್ಗಿ, ಮುಂದಿನ ಚಕ್ರಗಳು ಹಗುರಾಗಿ, ಸ್ಟೇರಿಂಗಿನ ಹಿಡಿತವೇ ಸಡಿಲವಾಗುತ್ತದೆ.

ಬಹುತೇಕ ಕೊಳ್ಳುಗರು ಎಡವುವುದು ಇಲ್ಲಿಯೇ. ಒಂದು ಲೆಕ್ಕವನ್ನು ನೋಡೋಣ. ಎಸ್‌ಯುವಿಯೊಂದರ ಎಳೆಯುವ ಸಾಮರ್ಥ್ಯ 7,000 ಪೌಂಡು. ಟ್ರೇಲರಿನ ಗರಿಷ್ಠ ತೂಕ 6,500 ಪೌಂಡು ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ 500 ಪೌಂಡು ಉಳಿತಾಯ. ಆದರೆ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ-ಬಿಳಿ ಚೀಟಿಯು ಆ ವಾಹನ ಹೊರಬಲ್ಲ ಭಾರವನ್ನು, ಅಂದರೆ ಪೇಲೋಡನ್ನು, 1,350 ಪೌಂಡು ಎನ್ನುತ್ತದೆ. ನಾಲ್ವರ ಕುಟುಂಬಕ್ಕೆ 600, ಡಿಕ್ಕಿಯ ಸಾಮಾನಿಗೆ 150, ಕೊಂಡಿಯ ಉಪಕರಣಕ್ಕೆ 80 ಕಳೆದರೆ ಉಳಿಯುವುದು 520. ಟ್ರೇಲರಿನ ಮುಂಭಾರ ನೂರಕ್ಕೆ 12ರಂತೆ 780 ಪೌಂಡು. ಎಳೆಯುವ ಶಕ್ತಿ ಸಾಕಷ್ಟಿದ್ದರೂ ಹೊರುವ ಶಕ್ತಿಯಲ್ಲಿ 260 ಪೌಂಡಿನ ಕೊರತೆ! 'ನಿಮ್ಮ ಗಾಡಿ ಇದನ್ನು ಆರಾಮವಾಗಿ ಎಳೆಯುತ್ತದೆ' ಎಂದು ಮಾರಾಟಗಾರ ಹೇಳುವುದು ಸುಳ್ಳಲ್ಲದಿರಬಹುದು. ಎಳೆಯುವುದು ಒಂದು, ಹೊತ್ತು ಹಿಡಿದು ನಿಲ್ಲಿಸುವುದು ಇನ್ನೊಂದು. ಅನುಮಾನವಿದ್ದಲ್ಲಿ ಹೆದ್ದಾರಿ ಬದಿಯ ಲಾರಿ ತಂಗುದಾಣಗಳ ತೂಕದ ಕಟ್ಟೆಗೆ ಹೋಗಿ, ಸಾಮಾನು ಮತ್ತು ಜನರ ಸಮೇತ ತೂಗಿಸಿಕೊಳ್ಳಬಹುದು. ಅದಕ್ಕೆ ತಗಲುವ ಖರ್ಚು ಅಲ್ಪ.

ವಿದ್ಯುತ್ ಕಾರಿನಿಂದ ಎಳೆಯಬಯಸುವವರು ಇನ್ನೊಂದನ್ನು ಗಮನಿಸಬೇಕು. ಎತ್ತರದ ಟ್ರೇಲರ್ ಗಾಳಿಗೆ ಒಡ್ಡುವ ತಡೆಯಿಂದ, ಒಮ್ಮೆ ಚಾರ್ಜ್ ಮಾಡಿ ಕ್ರಮಿಸಬಹುದಾದ ದೂರ ಸುಮಾರು ಅರ್ಧಕ್ಕೆ ಇಳಿಯುವುದುಂಟು.

ಕೊಂಡಿಗಳಲ್ಲಿ ವರ್ಗಗಳಿವೆ. ಮೊದಲ ವರ್ಗದ್ದು 2,000 ಪೌಂಡಿನವರೆಗೆ, ಎರಡನೆಯದು 3,500ರವರೆಗೆ, ಮೂರನೆಯದು 8,000ರವರೆಗೆ. ಕೊಂಡಿಯ ಗುಂಡಿನ ಅಳತೆ ಟ್ರೇಲರಿನ ಹಿಡಿಕೆಗೆ ಕರಾರುವಾಕ್ಕಾಗಿ ಹೊಂದಬೇಕು. 2 ಇಂಚಿನ ಗುಂಡಿನ ಮೇಲೆ 2 5/16 ಇಂಚಿನ ಹಿಡಿಕೆ ಕೂರುವಂತೆ ಕಂಡರೂ ಹಳ್ಳದಲ್ಲಿ ಹಾರಿ ಕಳಚಿಕೊಳ್ಳುತ್ತದೆ. ಭಾರದ ಟ್ರೇಲರುಗಳಿಗೆ ಹಿಂಬದಿಯ ಒತ್ತಡವನ್ನು ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿ ದೊರೆಯುತ್ತದೆ. ಅದು ಭಾರವನ್ನು ಹಂಚುತ್ತದೆಯೇ ಹೊರತು ಇಲ್ಲದಂತೆ ಮಾಡುವುದಿಲ್ಲ. ಸುರಕ್ಷತಾ ಸರಪಳಿಗಳೆರಡನ್ನೂ ಮೂಕಿಯ ಕೆಳಗೆ ಅಡ್ಡಡ್ಡ ಹೆಣೆದು ಸಿಕ್ಕಿಸಬೇಕು. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ನಾಟದೆ ತೊಟ್ಟಿಲಿನಲ್ಲಿ ಬಿದ್ದಂತೆ ಅವುಗಳ ಮೇಲೆ ನಿಲ್ಲುತ್ತದೆ.

ಬ್ರೇಕಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. 3,000 ಪೌಂಡು ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಬೇಕೆಂಬ ನಿಯಮ ಅನೇಕ ರಾಜ್ಯಗಳಲ್ಲಿದೆ. ಸಾಮಾನ್ಯವಾಗಿ ಅದು ವಿದ್ಯುತ್ ಬ್ರೇಕ್. ಅದನ್ನು ನಡೆಸಲು ಚಾಲಕನ ಕೈಗೆಟಕುವಂತೆ ನಿಯಂತ್ರಕವೊಂದನ್ನು ಕೂರಿಸಬೇಕು. ಟ್ರೇಲರ್ ಕಳಚಿಕೊಂಡರೆ ತನ್ನಷ್ಟಕ್ಕೆ ಬ್ರೇಕ್ ಹಿಡಿಯುವಂತೆ ಮಾಡುವ ಸಣ್ಣ ತಂತಿಯೊಂದಿರುತ್ತದೆ. ಅದನ್ನು ಸರಪಳಿಗೆ ಸಿಕ್ಕಿಸದೆ ವಾಹನಕ್ಕೇ ಪ್ರತ್ಯೇಕವಾಗಿ ಕಟ್ಟಬೇಕು.

ಹಳೆಯ ಟ್ರೇಲರ್ ಕೊಳ್ಳುವವರ ದೊಡ್ಡ ಶತ್ರು ನೀರು. ಹೊರಗೆ ಹೊಳಪು, ಒಳಗೆ ಕೊಳೆತ ಮರದ ಚೌಕಟ್ಟು ಎಂಬ ಸ್ಥಿತಿ ಅಪರೂಪವಲ್ಲ. ಮೂಲೆಗಳಲ್ಲಿ, ಕಿಟಕಿಗಳ ಕೆಳಗೆ, ಚಾವಣಿಯ ಗಾಳಿಕಿಂಡಿಯ ಸುತ್ತ ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬೇರೆ ಬಂಡಿ ಹುಡುಕುವುದು ಲೇಸು. ಹೊರಗೋಡೆಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಪದರ ಬಿಟ್ಟಿದೆ ಎಂದರ್ಥ. ಏಣಿ ಹಾಕಿ ಚಾವಣಿ ನೋಡಲು ಮಾಲೀಕರು ಒಪ್ಪದಿದ್ದರೆ ಅದೇ ಉತ್ತರ. ಟೈರಿನ ಮೇಲಿನ ಡಿ.ಒ.ಟಿ. ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೆಯ ವಾರ. ನಿಂತಲ್ಲೇ ನಿಂತ ಟೈರು ಸವೆಯದೆಯೂ ಹಳತಾಗುತ್ತದೆ. ಐದಾರು ವರ್ಷ ದಾಟಿದ್ದರೆ ಹೊಸ ಟೈರುಗಳ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಪತ್ರಗಳಿವೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ನೋಡಬೇಕು. ಕಾರಿನ ವಿಮೆ ಟ್ರೇಲರಿನ ಸ್ವಂತ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ.

ಚಾಲನೆಯ ಅಭ್ಯಾಸಕ್ಕೆ ರಜಾದಿನದ ಖಾಲಿ ಪಾರ್ಕಿಂಗ್ ಮೈದಾನ ಸಾಕು. ಹಿಮ್ಮುಖ ಚಾಲನೆಯಲ್ಲಿ ಎಲ್ಲವೂ ತಿರುಗುಮುರುಗು. ಸ್ಟೇರಿಂಗಿನ ತಳಭಾಗವನ್ನು ಹಿಡಿದು, ಟ್ರೇಲರಿನ ಹಿಂಬದಿ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿದರೆ ಗೊಂದಲ ಕಡಿಮೆ. ಹಿಂದೆ ನಿಂತು ದಾರಿ ತೋರುವವರು ಚಾಲಕನ ಕನ್ನಡಿಯಲ್ಲಿ ಕಾಣುವಂತಿರಬೇಕು. (ಗಂಡಹೆಂಡಿರ ಜಗಳಗಳಿಗೆ ಈ ಕ್ಷಣ ಪ್ರಸಿದ್ಧ, ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಕ್ಷೇಮ.) ದಾರಿಯಲ್ಲಿ ಟ್ರೇಲರ್ ಹೊಯ್ದಾಡತೊಡಗಿದರೆ ಕಾರಿನ ಬ್ರೇಕ್ ಒತ್ತಬಾರದು, ವೇಗ ಹೆಚ್ಚಿಸಲೂಬಾರದು. ಸ್ಟೇರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ನಿಯಂತ್ರಕದ ಸನ್ನೆಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯಬೇಕು. ನಿಂತ ಮೇಲೆ ಸಾಮಾನನ್ನು ಮುಂದಕ್ಕೆ ಸರಿಸದೆ ಹೊರಡಬಾರದು.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರ ವೇಗಮಿತಿ ಗಂಟೆಗೆ 55 ಮೈಲಿ. ಅನೇಕ ಟ್ರೇಲರ್ ಟೈರುಗಳ ಮಿತಿಯೇ 65 ಮೈಲಿ. ದಾರಿ ತೋರುವ ಸಾಮಾನ್ಯ ತಂತ್ರಾಂಶಗಳಿಗೆ ನಿಮ್ಮ ಎತ್ತರ ತಿಳಿಯದು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಪಾರ್ಕ್‌ವೇಗಳ ತಗ್ಗು ಸೇತುವೆಗಳಿಗೆ ಚಾವಣಿ ತಗಲಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಬಾಲ್ಟಿಮೋರಿನ ಬಂದರು ಸುರಂಗದಲ್ಲಿ ಪ್ರೊಪೇನ್ ಸಿಲಿಂಡರಿನ ಟ್ರೇಲರುಗಳಿಗೆ ಪ್ರವೇಶವಿಲ್ಲ. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಪ್ರಸಿದ್ಧ 'ಗೋಯಿಂಗ್ ಟು ದ ಸನ್' ರಸ್ತೆಯ ಬೆಟ್ಟದ ಭಾಗದಲ್ಲಿ ಟ್ರೇಲರೂ ಸೇರಿ 21 ಅಡಿಗಿಂತ ಉದ್ದದ ವಾಹನ ಹೋಗುವಂತಿಲ್ಲ. ಅಂಥ ಕಡೆ ಟ್ರೇಲರನ್ನು ಶಿಬಿರದಲ್ಲಿ ಬಿಟ್ಟು ಕಾರಿನಲ್ಲಷ್ಟೇ ಹೋಗಬೇಕು. ಶಿಬಿರದ ಜಾಗ ಕಾಯ್ದಿರಿಸುವಾಗ ಟ್ರೇಲರಿನ ಉದ್ದ ಮತ್ತು ವಿದ್ಯುತ್ 30 ಆಂಪಿಯರೋ 50 ಆಂಪಿಯರೋ ಎಂಬುದನ್ನು ನೋಡಿಕೊಳ್ಳಬೇಕು. ಶೌಚದ ತೊಟ್ಟಿಯನ್ನು ಅದಕ್ಕೆಂದೇ ಇರುವ ಜಾಗದಲ್ಲಿ, ಕೈಗವಸು ತೊಟ್ಟು ಖಾಲಿ ಮಾಡಬೇಕು. ಈ ಕೆಲಸ ಯಾರದೆಂಬುದು ಕೊಳ್ಳುವ ಮೊದಲೇ ಇತ್ಯರ್ಥವಾಗಿರಲಿ. ಪ್ರವಾಸಕ್ಕೆ ಬಂದ ಅತಿಥಿಗಳು ಬಾಡಿಗೆ ಕಾರಿಗೆ ಟ್ರೇಲರ್ ಕಟ್ಟಲು ಸಾಮಾನ್ಯವಾಗಿ ಅನುಮತಿ ದೊರೆಯುವುದಿಲ್ಲ.

ಬ್ರಿಟನ್ನಿನಲ್ಲಿ 2021ರ ಡಿಸೆಂಬರ್ 16ರಿಂದ ಸಾಮಾನ್ಯ ಕಾರು ಪರವಾನಗಿ ಉಳ್ಳವರೂ 3,500 ಕಿಲೋವರೆಗಿನ ಕ್ಯಾರವಾನ್ ಎಳೆಯಬಹುದು. ಮೋಟಾರುಮಾರ್ಗದಲ್ಲಿ ಗಂಟೆಗೆ 60 ಮೈಲಿಯ ಮಿತಿಯಿದೆ. ಚಲಿಸುವ ಕ್ಯಾರವಾನಿನೊಳಗೆ ಯಾರೂ ಕುಳಿತಿರುವಂತಿಲ್ಲ.

ನಮ್ಮ ದೇಶದಲ್ಲಿ ಕೇರಳ ಮತ್ತು ಮಹಾರಾಷ್ಟ್ರ ಸರ್ಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಗಳನ್ನು ಪ್ರಕಟಿಸಿದವು. ಆದರೂ ಕುಟುಂಬದ ಕಾರಿಗೆ ಟ್ರೇಲರ್ ಕಟ್ಟಿ ಹೊರಡುವ ರೂಢಿ ಇಲ್ಲಿ ವಿರಳ. ಮೋಟಾರು ವಾಹನ ಕಾಯಿದೆಯ ಪ್ರಕಾರ ಇಲ್ಲಿಯೂ ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕಾಗುವುದರಿಂದ, ಆಸಕ್ತರು ಮುಂಗಡ ಹಣ ಕೊಡುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.